ತಲುಪುವ ವೆಚ್ಚ: ಸಾಮಾಜಿಕ ಉದ್ಯಮ, ಡಿಜಿಟಲ್ ತಂತ್ರಜ್ಞಾನ ಮತ್ತು ಎಡಕುಮೇರಿ ಸೀಮೆ

ಸಮಾಜದ ಒಂದು ನಿರ್ದಿಷ್ಟ ಕೊರತೆಯನ್ನು ನೀಗಿಸುವುದನ್ನೇ ಮೊದಲ ಗುರಿಯಾಗಿ ಇಟ್ಟುಕೊಂಡು, ಆ ಕೆಲಸಕ್ಕೆ ಬೇಕಾದ ಹಣವನ್ನು ದೇಣಿಗೆಯಿಂದಲ್ಲದೆ ವ್ಯಾಪಾರದಿಂದಲೇ ಗಳಿಸಿಕೊಳ್ಳುವ ಸಂಸ್ಥೆಯನ್ನು ಸಾಮಾಜಿಕ ಉದ್ಯಮ ಎಂದು ಕರೆಯಲಾಗುತ್ತದೆ. ದತ್ತಿ ಸಂಸ್ಥೆಗೆ ದಾನಿಗಳು ಬೇಕು, ಸಾಮಾನ್ಯ ಉದ್ಯಮಕ್ಕೆ ಕೊಳ್ಳುವ ಶಕ್ತಿಯುಳ್ಳ ಗಿರಾಕಿಗಳು ಬೇಕು. ಸಾಮಾಜಿಕ ಉದ್ಯಮಕ್ಕಾದರೋ ಹೆಚ್ಚು ಕೊಡಲಾಗದ ಗಿರಾಕಿಗೆ ಸೇವೆ ನೀಡಿಯೂ ನಷ್ಟಕ್ಕೆ ಬೀಳದಿರುವ ದಾರಿ ಬೇಕು. ಈ ದಾರಿಗೆ ಅಡ್ಡ ನಿಲ್ಲುವುದು ಬಹುತೇಕ ಒಂದೇ ಸಂಗತಿ: ದೂರದಲ್ಲಿರುವ, ಚಿಕ್ಕ ಹಿಡುವಳಿಯ, ಸಣ್ಣ ಮೊತ್ತದ ವ್ಯವಹಾರ ಮಾಡುವ ಒಬ್ಬ ವ್ಯಕ್ತಿಯನ್ನು ತಲುಪಲು ತಗಲುವ ಖರ್ಚು, ಆ ವ್ಯಕ್ತಿಯಿಂದ ಬರುವ ಆದಾಯವನ್ನು ಮೀರಿಬಿಡುತ್ತದೆ. ಇದನ್ನು ತಲುಪುವ ವೆಚ್ಚ ಎನ್ನಬಹುದು. ಡಿಜಿಟಲ್ ತಂತ್ರಜ್ಞಾನವು ಸಾಮಾಜಿಕ ಉದ್ಯಮಗಳನ್ನು ಬೆಳೆಸುತ್ತದೆ ಎಂಬ ಮಾತಿನ ನಿಜವಾದ ಅರ್ಥ, ಅದು ಈ ವೆಚ್ಚವನ್ನು ಇಳಿಸುತ್ತದೆ ಎಂಬುದೇ ಆಗಿದೆ. ಹಾಗೆ ಇಳಿದ ವೆಚ್ಚದ ಲಾಭ ಯಾರಿಗೆ ಸೇರುತ್ತದೆ ಎಂಬುದು ಅದರ ಬೆನ್ನಿಗೇ ಬರುವ ಪ್ರಶ್ನೆ.

ತಲುಪುವ ವೆಚ್ಚ ಎಷ್ಟು ಭಾರವಾದುದು ಎಂಬುದನ್ನು ಕರ್ನಾಟಕದ ಸೆಲ್ಕೋ ಸಂಸ್ಥೆಯ ಇತಿಹಾಸದಿಂದ ತಿಳಿಯಬಹುದು. ಹರೀಶ್ ಹಂದೆಯವರು 1995ರಲ್ಲಿ ಸಹಸಂಸ್ಥಾಪಕರಾಗಿ ಆರಂಭಿಸಿದ ಈ ಸಂಸ್ಥೆಯು ಬಡ ಕುಟುಂಬಗಳಿಗೆ ಸೌರ ದೀಪಗಳನ್ನು ಮಾರಲು ಹೊರಟಾಗ, ದೀಪದ ಜೊತೆಗೆ ಬ್ಯಾಂಕಿನ ಸಾಲವನ್ನೂ ದುರಸ್ತಿಯ ಸೇವೆಯನ್ನೂ ಮನೆಬಾಗಿಲಿಗೆ ಒಯ್ಯಬೇಕಾಯಿತು. ಈ ಕೆಲಸಕ್ಕಾಗಿ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಆದರೆ ಹೊಸ ಪ್ರದೇಶಕ್ಕೆ ಕಾಲಿಟ್ಟಾಗಲೆಲ್ಲ ಹೊಸ ಸೇವಾ ಕೇಂದ್ರ ತೆರೆದು, ಜನರನ್ನು ನೇಮಿಸಿ, ಅಲ್ಲಿನ ಬ್ಯಾಂಕಿನ ವ್ಯವಸ್ಥಾಪಕರನ್ನು ಒಪ್ಪಿಸಬೇಕಾದ ಇಂಥ ಮಾದರಿಯಲ್ಲಿ ಬೆಳವಣಿಗೆ ಗಟ್ಟಿಯಾಗಿರುತ್ತದೆಯೇ ಹೊರತು ವೇಗವಾಗಿರುವುದಿಲ್ಲ. ಮುಂದಿನ ತಲೆಮಾರಿನ ಉದ್ಯಮಿಗಳು ಫೋನನ್ನೂ ಅಂತರ್ಜಾಲವನ್ನೂ ಹಿಡಿದುಕೊಂಡು ಬಿಡಿಸಲು ನೋಡುತ್ತಿರುವುದು ಈ ಗಂಟನ್ನೇ.

ಈ ಪ್ರಯತ್ನಗಳನ್ನು ಒರೆಗೆ ಹಚ್ಚಲು ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಸಾಲಿಗಿಂತ ಕಠಿಣವಾದ ಜಾಗ ಸುಲಭವಾಗಿ ಸಿಗದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರ್ ಉದ್ದದ ಘಟ್ಟದ ರೈಲುಮಾರ್ಗವು 57 ಸುರಂಗಗಳನ್ನು ಹಾದುಹೋಗುತ್ತದೆ. ಈ ಮಾರ್ಗದ ನಡುವೆ, ದಟ್ಟ ಕಾಡಿನೊಳಗೆ ಇರುವ ಎಡಕುಮೇರಿ ನಿಲ್ದಾಣಕ್ಕೆ ರೈಲು ಹಳಿಯೇ ಮುಖ್ಯ ಆಸರೆ. 2024ರ ಜುಲೈ ತಿಂಗಳಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಗುಡ್ಡ ಕುಸಿದಾಗ ಆ ಆಸರೆಯೂ ಹಲವು ದಿನ ಕಡಿದುಹೋಯಿತು. ಘಟ್ಟದ ಅಂಚಿನಿಂದ ಮೂಡಲಿಗೆ ಆಲೂರಿನ ಕಡೆ ಸರಿದಂತೆ ಕಾಫಿ, ಏಲಕ್ಕಿ, ಕಾಳುಮೆಣಸಿನ ತೋಟಗಳೂ ಭತ್ತದ ಗದ್ದೆಗಳೂ ಕಾಣುತ್ತವೆ. ಮನೆಗಳು ಒಂದರಿಂದೊಂದು ದೂರ, ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಬರುವುದು ಯಾವಾಗಲೋ, ಗುಡ್ಡದ ಮರೆಯಲ್ಲಿ ಮೊಬೈಲ್ ಸಿಗ್ನಲ್ ಸಿಕ್ಕರೆ ಸಿಕ್ಕಿತು. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದಲ್ಲಿ ಬೆಳೆಯುತ್ತದೆ. ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು, ಅಂದರೆ ನೂರಕ್ಕೆ 98ಕ್ಕೂ ಹೆಚ್ಚು ಮಂದಿ, 10 ಹೆಕ್ಟೇರಿಗಿಂತ ಕಡಿಮೆ ತೋಟವುಳ್ಳ ಸಣ್ಣ ಬೆಳೆಗಾರರು. ಇಂಥವರ ಬಳಿಗೆ ಕೃಷಿ ಸಲಹೆಗಾರನೊಬ್ಬ ಜೀಪಿನಲ್ಲಿ ಹೋಗಿ ಬರುವ ಖರ್ಚನ್ನು ಲೆಕ್ಕ ಹಾಕಿದರೆ, ಯಾವ ಉದ್ಯಮವೂ ಬೆಟ್ಟ ಹತ್ತಲು ಮನಸ್ಸು ಮಾಡದು.

ಈ ಖರ್ಚನ್ನು ಇಳಿಸಿದ ಮೊದಲ ಸಾಧನ ಸ್ಮಾರ್ಟ್‌ಫೋನ್ ಅಲ್ಲ, ಸಾಮಾನ್ಯ ಫೋನಿನಲ್ಲಿ ಕೇಳಿಬರುವ ದನಿ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಸಹಸಂಸ್ಥಾಪಕರಾಗಿರುವ ಪ್ರಿಸಿಷನ್ ಅಗ್ರಿಕಲ್ಚರ್ ಫಾರ್ ಡೆವಲಪ್‌ಮೆಂಟ್ ಎಂಬ ಲಾಭರಹಿತ ಸಂಸ್ಥೆಯ ನೆರವಿನಿಂದ ಕಾಫಿ ಮಂಡಳಿಯು 2018ರಲ್ಲಿ ಕಾಫಿ ಕೃಷಿ ತರಂಗ ಎಂಬ ಸೇವೆಯನ್ನು ಆರಂಭಿಸಿ, ಮೊದಲ ಹಂತಕ್ಕೆ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳನ್ನು ಆರಿಸಿಕೊಂಡಿತು. ಇದರಲ್ಲಿ ಬೆಳೆಗಾರನಿಗೆ ಆಯಾ ಹಂಗಾಮಿನ ಸಲಹೆ ಧ್ವನಿಮುದ್ರಿತ ಕರೆಯ ಮೂಲಕ ಬರುತ್ತದೆ. ಸಂದೇಹವಿದ್ದವನು ಶುಲ್ಕವಿಲ್ಲದ ಸಂಖ್ಯೆಗೆ ಕರೆ ಮಾಡಿ ತನ್ನ ಪ್ರಶ್ನೆಯನ್ನು ತನ್ನ ಮಾತಿನಲ್ಲೇ ದಾಖಲಿಸಿದರೆ, ತಜ್ಞರ ಉತ್ತರ ಮರಳಿ ಅದೇ ಫೋನಿಗೆ ತಲುಪುತ್ತದೆ. ಅರೇಬಿಕಾ ಕಾಫಿ ಗಿಡವನ್ನು ಒಳಗಿನಿಂದಲೇ ಕೊರೆದು ಒಣಗಿಸುವ ಬಿಳಿ ಕಾಂಡಕೊರಕದ ಹತೋಟಿಗೆ ಅದರ ಹಾರಾಟದ ಕಾಲ ಹಿಡಿದು ಕಾಂಡ ಉಜ್ಜಬೇಕು, ಕೀಟ ತಗುಲಿದ ಗಿಡವನ್ನು ಗುರುತಿಸಿ ಕಿತ್ತು ಸುಡಬೇಕು. ಈ ಮಾತು ಹೊತ್ತು ಮೀರಿ ಬಂದರೆ ಪ್ರಯೋಜನವಿಲ್ಲ. ಸಾವಿರ ಮಂದಿಗೆ ಒಂದೇ ದಿನ ತಲುಪುವ ಕರೆಯ ಬೆಲೆ ಇರುವುದು ಅದರ ಅಗ್ಗತನದಲ್ಲಿ ಮಾತ್ರವಲ್ಲ, ಅದು ಸಕಾಲದಲ್ಲಿ ತಲುಪುವುದರಲ್ಲಿ. ಓದು ಬಾರದವರಿಗೂ, ಡೇಟಾ ಪ್ಯಾಕ್ ಹಾಕಿಸದವರಿಗೂ ಈ ಸೇವೆ ಎಟುಕುವುದರಿಂದ, ಬೆಟ್ಟದ ಸೀಮೆಯಲ್ಲಿ ಉದ್ಯಮ ಹೂಡುವವರು ಆ್ಯಪ್ ತಯಾರಿಸುವ ಮೊದಲು ಆಲೋಚಿಸಬೇಕಾದ ಮಾದರಿಯಿದು.

ಸಕಾಲದಲ್ಲಿ ತಲುಪುವ ಸುದ್ದಿಯ ಈ ಬೆಲೆಯನ್ನು ತೋಟಗಳಿಗೆ ಬರುವ ಕಾಡಾನೆಗಳ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯು ಆನೆಗಳು ಎಲ್ಲಿವೆ ಎಂಬ ಮಾಹಿತಿಯನ್ನು ಸ್ಥಳೀಯ ಕೇಬಲ್ ಟಿವಿ, ಎಸ್ಸೆಮ್ಮೆಸ್ ಮತ್ತು ದೂರದಿಂದಲೇ ಹೊತ್ತಿಸಬಹುದಾದ ಕೆಂಪು ದೀಪಗಳ ಮೂಲಕ ಜನರಿಗೆ ಮುಟ್ಟಿಸುವ ವ್ಯವಸ್ಥೆಯನ್ನು ರೂಪಿಸಿತು. ಈ ಕಾರ್ಯಕ್ಕಾಗಿ ಅದರ ವಿಜ್ಞಾನಿ ಎಂ. ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಲಭಿಸಿತು. ಮುಂದೆ ಅರಣ್ಯ ಇಲಾಖೆಯ ಸಹಯೋಗದಲ್ಲಿ ಇದೇ ಬಗೆಯ ವ್ಯವಸ್ಥೆ ಸಕಲೇಶಪುರ ಮತ್ತು ಆಲೂರಿನ ಕಾಫಿ ಸೀಮೆಗೂ ಬಂತು. ನಸುಕಿನಲ್ಲಿ ಲೈನ್‌ಮನೆಯಿಂದ ತೋಟಕ್ಕೆ ನಡೆಯುವ ಕೂಲಿಕಾರ್ಮಿಕರಿಗೆ ಮುಂದಿನ ತಿರುವಿನಲ್ಲಿ ಹಿಂಡು ನಿಂತಿದೆಯೇ ಇಲ್ಲವೇ ಎಂಬುದು ಜೀವದ ಪ್ರಶ್ನೆ. ಇಲ್ಲಿ ಗಮನಿಸಬೇಕಾದುದು ಯಂತ್ರದ ಜಾಣತನವನ್ನಲ್ಲ. ಆನೆಯ ಜಾಡು ಹಿಡಿದು ಕಾಡಂಚಿನಲ್ಲಿ ತಿರುಗುವ ಸ್ಥಳೀಯ ಸಿಬ್ಬಂದಿ ಕಂಡದ್ದನ್ನು ಒಡನೆಯೇ ತಿಳಿಸದಿದ್ದರೆ ಎಸ್ಸೆಮ್ಮೆಸ್‌ಗೆ ಹೇಳಲು ಸುದ್ದಿಯೇ ಇರುವುದಿಲ್ಲ. ಫೌಂಡೇಶನ್ ಲಾಭರಹಿತ ಸಂಸ್ಥೆಯಾಗಿದ್ದರೂ ಅದರ ಅನುಭವ ಉದ್ಯಮಿಗಳಿಗೂ ಅನ್ವಯಿಸುತ್ತದೆ: ತಂತ್ರಜ್ಞಾನವು ನೆಲದ ಮೇಲಿನ ಜನರ ಕೆಲಸವನ್ನು ಸಾವಿರಾರು ಮಂದಿಗೆ ಹಂಚಬಲ್ಲದು, ಆ ಕೆಲಸವನ್ನು ತಾನೇ ಮಾಡಲಾರದು.

ಮಾಹಿತಿಯ ನಂತರ ಬರುವುದು ಮಾರುಕಟ್ಟೆ. 1942ರ ಕಾಫಿ ಕಾಯ್ದೆಯ ಅನ್ವಯ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಸಾಮೂಹಿಕ ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. ಈ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮುಕ್ತ ಮಾರಾಟ ಜಾರಿಗೆ ಬಂತು. ಮಾರಾಟದ ಈ ಸ್ವಾತಂತ್ರ್ಯದೊಂದಿಗೆ ಸಣ್ಣ ಬೆಳೆಗಾರನಿಗೆ ಹೊಸದೊಂದು ಅಸಹಾಯಕತೆಯೂ ಎದುರಾಯಿತು. ಒಣಗಿದ 50 ಕಿಲೋ ಮೂಟೆಯನ್ನು ವ್ಯಾಪಾರಿಯ ಬಳಿಗೆ ಒಯ್ದಾಗ ಬೆಲೆ ನಿರ್ಧಾರವಾಗುವುದು ಔಟ್‌ಟರ್ನ್ ಎಂಬ ಲೆಕ್ಕದಿಂದ, ಅಂದರೆ ಸಿಪ್ಪೆ ತೆಗೆದ ಮೇಲೆ ಅದರಲ್ಲಿ ಎಷ್ಟು ಕಿಲೋ ಹಸನಾದ ಬೀಜ ಉಳಿಯುತ್ತದೆ ಎಂಬುದರಿಂದ. 28 ಕಿಲೋ ಬರಬೇಕಾದ ಮೂಟೆಗೆ 26 ಎಂದು ಬರೆದುಕೊಂಡರೆ, ಮೂಟೆಯೊಂದಕ್ಕೆ 2 ಕಿಲೋ ಬೀಜದ ಬೆಲೆ ಬೆಳೆಗಾರನ ಕೈತಪ್ಪುತ್ತದೆ. ತೇವಾಂಶದ ಅಳತೆ, ಮಾದರಿಯ ಆಯ್ಕೆ, ಅಂದಿನ ಧಾರಣೆ ಇವೆಲ್ಲವೂ ಕೊಳ್ಳುವವನಿಗೆ ಗೊತ್ತಿದ್ದು ಮಾರುವವನಿಗೆ ಗೊತ್ತಿಲ್ಲದಿರುವ ಸ್ಥಿತಿಯನ್ನು ಅರ್ಥಶಾಸ್ತ್ರದಲ್ಲಿ ಮಾಹಿತಿಯ ಅಸಮತೋಲನ ಎನ್ನುತ್ತಾರೆ. ಅಂದಂದಿನ ಧಾರಣೆಯು ಫೋನಿನಲ್ಲಿ ಸಿಗುವುದು, ಔಟ್‌ಟರ್ನ್ ಪರೀಕ್ಷೆಯ ಫಲಿತಾಂಶ ಇಬ್ಬರ ಮುಂದೆಯೂ ದಾಖಲಾಗುವುದು, ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುವುದು ಇಷ್ಟಾದರೂ ಸಾಕು, ಚೌಕಾಸಿಯಲ್ಲಿ ಬೆಳೆಗಾರನ ಬಲ ಹೆಚ್ಚುತ್ತದೆ.

ಇನ್ನೂ ಮುಂದಕ್ಕೆ ಹೋಗಿ, ಬೆಳೆಗಾರನನ್ನೂ ಕಾಫಿ ಕುಡಿಯುವವನನ್ನೂ ನೇರವಾಗಿ ಜೋಡಿಸುವ ಉದ್ಯಮಗಳೂ ಹುಟ್ಟಿಕೊಂಡಿವೆ. ಅರ್ಶಿಯಾ ಬೋಸ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಬ್ಲ್ಯಾಕ್ ಬಾಝಾ ಕಾಫಿ ಸಂಸ್ಥೆಯು ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಸೇರಿದಂತೆ ಸಣ್ಣ ಬೆಳೆಗಾರರಿಂದ, ನೆರಳಿನ ಕಾಡುಮರಗಳನ್ನು ಉಳಿಸಿಕೊಂಡು ಬೆಳೆದ ಕಾಫಿಯನ್ನು ಕೊಂಡು, ಹುರಿದು, ತನ್ನ ಜಾಲತಾಣದ ಮೂಲಕ ಗ್ರಾಹಕರಿಗೆ ಮಾರುತ್ತದೆ. ಜಾಲತಾಣವಿಲ್ಲದ ಕಾಲದಲ್ಲಿ ಇಂಥ ಕಾಫಿಗೆ ನಗರದ ಅಂಗಡಿಗಳ ಕಪಾಟಿನಲ್ಲಿ ಜಾಗ ಕೊಳ್ಳುವ ಬಂಡವಾಳ ಬೇಕಾಗಿತ್ತು. ಕಾಫಿ ಮಂಡಳಿಯೂ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಒಮ್ಮೆ ಬರೆದ ದಾಖಲೆಯನ್ನು ಯಾರೊಬ್ಬರೂ ಗುಟ್ಟಾಗಿ ತಿದ್ದಲಾಗದಂತೆ ಹಲವು ಕಡೆ ಹಂಚಿಡುವ ಲೆಕ್ಕಪುಸ್ತಕವೇ ಬ್ಲಾಕ್‌ಚೈನ್. ಆದರೆ ಮೊದಲ ದಾಖಲೆಯೇ ಸುಳ್ಳಾಗಿದ್ದರೆ ಈ ತಂತ್ರವು ಆ ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಪಾಡುತ್ತದೆ. ಮೂಟೆ ಯಾವ ತೋಟದ್ದು ಎಂಬುದನ್ನು ಕಣದಲ್ಲಿ ನಿಂತು ನೋಡುವ ನಂಬಿಕಸ್ಥರು ಇದ್ದೇ ಇರಬೇಕು.

ಸಾಲದ ವಿಷಯದಲ್ಲಿ ರಂಗ್ ದೇ ಸಂಸ್ಥೆಯ ಉದಾಹರಣೆ ಉಪಯುಕ್ತವಾದುದು. ಎನ್.ಕೆ. ರಾಮಕೃಷ್ಣ ಮತ್ತು ಸ್ಮಿತಾ ರಾಮ್ ಅವರು 2008ರಲ್ಲಿ ಆರಂಭಿಸಿದ ಈ ಸಂಸ್ಥೆಯ ತಾಣದಲ್ಲಿ ನಗರದ ನಾಗರಿಕರು ಸಣ್ಣ ಸಣ್ಣ ಮೊತ್ತಗಳನ್ನು ಹಾಕಿ, ಹಳ್ಳಿಯ ರೈತರಿಗೂ ಕುಶಲಕರ್ಮಿಗಳಿಗೂ ಕಡಿಮೆ ಬಡ್ಡಿಯ ಸಾಲ ಒದಗಿಸುತ್ತಾರೆ. ಹಲವರಿಂದ ಸಂಗ್ರಹಿಸಿ ನೇರವಾಗಿ ಸಾಲಗಾರನಿಗೆ ಮುಟ್ಟಿಸುವ ಈ ಪದ್ಧತಿಗೆ ರಿಸರ್ವ್ ಬ್ಯಾಂಕು ನಿಯಮಗಳನ್ನು ರೂಪಿಸಿದ ಮೇಲೆ ಸಂಸ್ಥೆಯು ಅದರ ಪರವಾನಗಿಯಡಿ ಕೆಲಸ ಮಾಡತೊಡಗಿತು. ಇಲ್ಲಿಯೂ ಸಾಲಗಾರರನ್ನು ಗುರುತಿಸುವವರು, ಮರುಪಾವತಿಗೆ ಬೆನ್ನಿಗೆ ನಿಲ್ಲುವವರು ಸ್ಥಳೀಯ ಸಂಸ್ಥೆಗಳೇ. ಶುಲ್ಕದ ವಿಷಯದಲ್ಲಿ ಬೆಂಗಳೂರಿನ ನಮ್ಮ ಯಾತ್ರಿ ಬೇರೊಂದು ದಾರಿ ತೋರಿಸಿತು. 2022ರಲ್ಲಿ ಆಟೋ ಚಾಲಕರ ಸಂಘದೊಡನೆ ಸೇರಿ ಆರಂಭವಾದ ಈ ಆ್ಯಪ್, ಪ್ರತಿ ಬಾಡಿಗೆಯಲ್ಲೂ ಪಾಲು ಕೇಳುವ ಬದಲು ಚಾಲಕರಿಂದ ಸಣ್ಣ ನಿಗದಿತ ಶುಲ್ಕವನ್ನಷ್ಟೇ ಪಡೆಯುವ ಪದ್ಧತಿಯನ್ನು ಮುಂದೆ ಅಳವಡಿಸಿಕೊಂಡಿತು. ದುಡಿಮೆ ಹೆಚ್ಚಿದಂತೆ ಮಧ್ಯವರ್ತಿಯ ಪಾಲೂ ಹೆಚ್ಚುವ ವ್ಯವಸ್ಥೆಗೂ, ಹೆಚ್ಚಿದ ದುಡಿಮೆ ದುಡಿದವನಲ್ಲೇ ಉಳಿಯುವ ವ್ಯವಸ್ಥೆಗೂ ಇರುವ ಅಂತರ ದೊಡ್ಡದು. ಉದ್ಯಮವು ಸಾಮಾಜಿಕವೇ ಅಲ್ಲವೇ ಎಂಬುದನ್ನು ಅದರ ಜಾಹೀರಾತಿಗಿಂತ ಅದರ ಶುಲ್ಕದ ಪಟ್ಟಿ ಹೆಚ್ಚು ನಿಖರವಾಗಿ ಹೇಳುತ್ತದೆ.

ಮಲೆನಾಡಿನ ಮುಂದಿರುವ ಹೊಸ ಪರೀಕ್ಷೆ ಯುರೋಪಿನಿಂದ ಬಂದಿದೆ. 2023ರಲ್ಲಿ ಐರೋಪ್ಯ ಒಕ್ಕೂಟವು ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿನ ಮಾರುಕಟ್ಟೆಗೆ ತರುವಂತಿಲ್ಲ. ಪ್ರತಿ ತೋಟದ ಅಕ್ಷಾಂಶ ರೇಖಾಂಶಗಳನ್ನು ಒದಗಿಸಬೇಕು, 4 ಹೆಕ್ಟೇರಿಗಿಂತ ದೊಡ್ಡದಾದ ತೋಟಕ್ಕೆ ಗಡಿಯ ನಕ್ಷೆಯನ್ನೇ ಕೊಡಬೇಕು. ನಿಯಮದ ಜಾರಿಯನ್ನು ಮುಂದೂಡಲಾಗಿದ್ದರೂ, ಭಾರತದ ಕಾಫಿಯ ಹೆಚ್ಚಿನ ಭಾಗ ರಫ್ತಾಗುವುದರಿಂದ ಮತ್ತು ಇಟಲಿ, ಜರ್ಮನಿಗಳು ದೊಡ್ಡ ಗಿರಾಕಿಗಳಾಗಿರುವುದರಿಂದ, ಇದನ್ನು ಬದಿಗೆ ಸರಿಸುವಂತಿಲ್ಲ. ನಕ್ಷೆ ತಯಾರಿಸಿಕೊಡುವ, ದಾಖಲೆ ಹೊಂದಿಸುವ ಕೆಲಸ ಉದ್ಯಮಿಗಳಿಗೆ ಅವಕಾಶವೂ ಹೌದು. ಆದರೆ 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದರೂ, ಬಗರ್‌ಹುಕುಂ ಅರ್ಜಿ ಇತ್ಯರ್ಥವಾಗದ ನೆಲದಲ್ಲಿ ಸಾಗುವಳಿ ಮಾಡುತ್ತಿರುವವರು ಮಲೆನಾಡಿನಲ್ಲಿ ಕಡಿಮೆಯಿಲ್ಲ. ತನ್ನ ತೋಟದ ಗಡಿಯನ್ನು ಅಪರಿಚಿತ ಕಂಪನಿಯ ಆ್ಯಪ್‌ಗೆ ಕೊಡಲು ಅಂಥ ಬೆಳೆಗಾರ ಅಂಜಿದರೆ ಅದು ಅಜ್ಞಾನವಲ್ಲ. ಆ ಮಾಹಿತಿ ಯಾರ ಬಳಿ ಇರುತ್ತದೆ, ಯಾರಿಗೆ ಮಾರಾಟವಾಗಬಹುದು, ಬೆಳೆಗಾರ ಕೇಳಿದರೆ ಅಳಿಸುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಕನ್ನಡದಲ್ಲಿ ಲಿಖಿತ ಉತ್ತರ ನೀಡುವುದು ಉದ್ಯಮದ ಮೊದಲ ಹೊಣೆ. ಬೆಳೆಗಾರರ ಸಂಘಗಳೂ ರೈತ ಉತ್ಪಾದಕ ಕಂಪನಿಗಳೂ ಈ ಮಾಹಿತಿಯ ಒಡೆತನವನ್ನು ಸಾಮೂಹಿಕವಾಗಿ ಇಟ್ಟುಕೊಂಡು, ಬೇಕಾದ ಕೊಳ್ಳುಗನಿಗೆ ಬೇಕಾದಷ್ಟನ್ನೇ ತೋರಿಸುವ ಪದ್ಧತಿ ಎಲ್ಲಕ್ಕಿಂತ ಸುರಕ್ಷಿತ.

ಇನ್ನೊಂದು ಮಿತಿಯನ್ನೂ ಮರೆಯುವಂತಿಲ್ಲ. ಮನೆಯ ಫೋನು ಬಹಳ ಕಡೆ ಗಂಡಸರ ಕೈಯಲ್ಲಿರುತ್ತದೆ. ಹಣ್ಣು ಕೊಯ್ಯುವ, ಕಾಳುಮೆಣಸು ಬಿಡಿಸುವ ಹೆಂಗಸರಿಗೂ, ಹೊರ ರಾಜ್ಯಗಳಿಂದ ಬಂದು ಕನ್ನಡ ಅರಿಯದ ಕಾರ್ಮಿಕರಿಗೂ ಸೇವೆ ತಲುಪಿದೆಯೇ ಎಂಬುದನ್ನು ಡೌನ್‌ಲೋಡುಗಳ ಲೆಕ್ಕ ತಿಳಿಸುವುದಿಲ್ಲ. ಸಿಗ್ನಲ್ ಇಲ್ಲದಾಗಲೂ ಮಾಹಿತಿಯನ್ನು ಫೋನಿನಲ್ಲೇ ಉಳಿಸಿಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುವ ವ್ಯವಸ್ಥೆ ಈ ಸೀಮೆಯಲ್ಲಿ ಅನುಕೂಲಕ್ಕಾಗಿ ಸೇರಿಸುವ ಹೆಚ್ಚುವರಿ ಸೌಕರ್ಯವಲ್ಲ, ಕನಿಷ್ಠ ಅಗತ್ಯ.

ಈ ಎಲ್ಲ ಉದಾಹರಣೆಗಳಿಂದ ಹೊರಡುವ ತೀರ್ಮಾನ ಸರಳವಾದುದು. ಡಿಜಿಟಲ್ ತಂತ್ರಜ್ಞಾನವು ತಲುಪುವ ವೆಚ್ಚವನ್ನು ಇಳಿಸುತ್ತದೆ. ಆ ಉಳಿತಾಯದ ದೊಡ್ಡ ಪಾಲು ಬೆಳೆಗಾರನಿಗೂ ಕಾರ್ಮಿಕನಿಗೂ ಸೇರಿದರೆ ಅದು ಸಾಮಾಜಿಕ ಉದ್ಯಮ, ಸೇರದಿದ್ದರೆ ಅದು ಎಲ್ಲ ವ್ಯಾಪಾರಗಳಂತೆ ಇನ್ನೊಂದು ವ್ಯಾಪಾರ. ಆದ್ದರಿಂದ ಸಕಲೇಶಪುರ, ಆಲೂರು ಸೀಮೆಯ ಬೆಳೆಗಾರರು ಮತ್ತು ಅವರ ಸಂಘಗಳು, ಹೊಸ ಆ್ಯಪ್ ಅಥವಾ ಹೊಸ ಕಂಪನಿ ಬಾಗಿಲಿಗೆ ಬಂದಾಗ, ಅದರ ಶುಲ್ಕವೆಷ್ಟು, ಮಾಹಿತಿಯ ಒಡೆಯರು ಯಾರು, ಫೋನು ಕೆಟ್ಟ ದಿನ ಊರಿನಲ್ಲಿ ಉತ್ತರ ಹೇಳುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿ, ಆ ಮೇಲೆ ಹೆಬ್ಬೆಟ್ಟು ಒತ್ತುವುದಾಗಲಿ ಸಹಿ ಹಾಕುವುದಾಗಲಿ ಒಳಿತು.