ನಡುವೆ ಬಿದ್ದ ಎಲೆ ಯಾರದು?

ಗುಬ್ಬಿಯಿಂದ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸಿದ್ದಾರೆ: "ಅಣ್ಣಾ, ಪೋಕರ್‌ನಲ್ಲಿ ಮಧ್ಯೆ ಐದು ಎಲೆ ಹಾಕ್ತಾರಲ್ಲ, ಅದರ ಲೆಕ್ಕ ಏನು?" ಆ ಐದರಲ್ಲಿ ಒಂದು ಎಲೆ ನನ್ನ ಎಂಟೂವರೆ ಸಾವಿರ ತಿಂದಿದೆ. ಹಾಗಾಗಿ ಹೇಳ್ತೀನಿ.

ನಮ್ಮ ಗುಬ್ಬಿ, ಕುಣಿಗಲ್ ಕಡೆ ಯುಗಾದಿ ಅಂದ್ರೆ ಅಂದರ್-ಬಾಹರ್. ಒಂದು ಎಲೆ ತೆರೆದಿಡ್ತಾರೆ, ಅದರ ಜೋಡಿ ಒಳಗೆ ಬೀಳುತ್ತೋ ಹೊರಗೋ ಅಂತ ಕಟ್ಟೋದು. ಕಟ್ಟಿದ ಮೇಲೆ ಬಾಯಿ ಬಿಟ್ಕೊಂಡು ನೋಡೋದು ಬಿಟ್ರೆ ಬೇರೆ ಕೆಲಸ ಇಲ್ಲ. ಪೋಕರ್‌ನ ಟೆಕ್ಸಾಸ್ ಹೋಲ್ಡೆಮ್ ಹಾಗಲ್ಲ. ಪ್ರತಿಯೊಬ್ಬರ ಕೈಗೂ ಮುಚ್ಚಿದ ಎರಡು ಎಲೆ. ನಡುವೆ ಮೊದಲು ಒಟ್ಟಿಗೆ ಮೂರು ತೆರೀತಾರೆ, ಅದು ಫ್ಲಾಪ್. ಆಮೇಲೆ ಒಂದು, ಟರ್ನ್. ಕೊನೆಯದು ರಿವರ್. ಪ್ರತಿ ಸಲವೂ ಕಟ್ಟಬೇಕೋ ಬಿಡಬೇಕೋ ಅಂತ ತೀರ್ಮಾನ ಮಾಡಬೇಕು. ಒಟ್ಟು ಏಳರಲ್ಲಿ ಚೆನ್ನಾಗಿರೋ ಐದು ನಿಮ್ಮದು. ಒಮಾಹಾ ಅಂತ ಇನ್ನೊಂದಿದೆ, ಅಲ್ಲಿ ಕೈಗೆ ನಾಲ್ಕು ಎಲೆ. ಆದ್ರೆ ಅದರಲ್ಲಿ ಎರಡೇ ಬಳಸಬೇಕು, ನಡುವಿನಿಂದ ಮೂರೇ.

ಈಗ ನನ್ನ ಕಥೆ. ಬೆಂಗಳೂರಿನಿಂದ ತುಮಕೂರಿಗೆ ವಾಪಸ್ ಬರೋ ರೈಲು, ಕೈಯಲ್ಲಿ ಫೋನು. ನನಗೆ ಬಿದ್ದಿದ್ದು ಆಟೀನ್ 8, ಆಟೀನ್ 7. ಫ್ಲಾಪ್‌ನಲ್ಲಿ ಆಟೀನ್ ಎಕ್ಕ, ಆಟೀನ್ 9, ಇಸ್ಪೀಟ್ 4. ಇನ್ನೊಂದು ಆಟೀನ್ ಬಂದ್ರೆ ಐದೂ ಒಂದೇ ಜಾತಿ, ಅಂದ್ರೆ ಫ್ಲಶ್. ನನಗೆ ಕಾಣದ 47 ಎಲೆಯಲ್ಲಿ ಆಟೀನ್ ಒಂಬತ್ತು. ಮುಂದಿನ ಎಲೆಗೇ ಬರೋ ಸಾಧ್ಯತೆ ಶೇ 19, ಎರಡೂ ಎಲೆ ಸೇರಿದ್ರೆ ಶೇ 35. ಬಿ.ಕಾಂ ಓದಿದವನಿಗೆ ಇದೇನು ದೊಡ್ಡ ಲೆಕ್ಕ! ಟರ್ನ್‌ನಲ್ಲಿ ಆಟೀನ್ 2 ಬಂದೇಬಿಡ್ತು. ರಿವರ್‌ನಲ್ಲಿ ಇಸ್ಪೀಟ್ 9. ನಾನು ಅದನ್ನ ಸರಿಯಾಗಿ ನೋಡಲೇ ಇಲ್ಲ, ಇದ್ದದ್ದೆಲ್ಲ ಕಟ್ಟಿದೆ.

ಎದುರಿನವನ ಹತ್ತಿರ ಎಕ್ಕ ಮತ್ತು 9 ಇತ್ತು. ಮೂರು 9, ಎರಡು ಎಕ್ಕ, ಫುಲ್ ಹೌಸ್. ಫ್ಲಶ್‌ಗಿಂತ ದೊಡ್ಡದು. ರಿವರ್‌ಗೆ ಮುಂಚೆ ಅವನನ್ನು ಗೆಲ್ಲಿಸೋ ಎಲೆ ಇದ್ದದ್ದು 44ರಲ್ಲಿ ನಾಲ್ಕೇ. ಅದು ನನ್ನ ದುರದೃಷ್ಟ, ಒಪ್ಕೋತೀನಿ. ಆದ್ರೆ ನಡುವೆ ಎರಡು 9 ಕಣ್ಣೆದುರೇ ಬಿದ್ದ ಮೇಲೂ ಕಟ್ಟಿದ್ದು ನನ್ನ ತಪ್ಪು. ನಡುವೆ ಜೋಡಿ ಇಲ್ಲದಿದ್ರೆ ಯಾರಿಗೂ ಫುಲ್ ಹೌಸ್ ಆಗೋಕೆ ಸಾಧ್ಯವೇ ಇಲ್ಲ. ಜೋಡಿ ಬಿದ್ರೆ ಆಗಬಹುದು. ಹಾಗೇ ನಡುವೆ ಒಂದೇ ಜಾತಿಯ ಮೂರಿದ್ರೆ ಬೇರೆಯವರಿಗೂ ಫ್ಲಶ್ ಆಗಬಹುದು. ಅಕ್ಕಪಕ್ಕದ ಅಂಕಿಗಳಿದ್ರೆ ಸಾಲು ಕೂಡಬಹುದು. ಟರ್ನ್‌ನಲ್ಲಿ ಬಂದ 2 ನನಗೋಸ್ಕರ ಬಂತು ಅಂದ್ಕೊಂಡೆ. ರಿವರ್‌ನ 9 ಯಾರಿಗೆ ಅಂತ ಕೇಳ್ಕೊಳ್ಳಲಿಲ್ಲ.

ಪೋಕರ್ ಕೌಶಲವೋ ಅದೃಷ್ಟವೋ ಅನ್ನೋ ವಾದ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆದಿದೆ. ಕುದುರೆ ರೇಸನ್ನು ಸುಪ್ರೀಂ ಕೋರ್ಟ್ 1996ರಲ್ಲೇ ಕೌಶಲ ಅಂದಿತ್ತು, ಸ್ಟಡ್ ಫಾರ್ಮ್ ಇರೋ ಕುಣಿಗಲ್‌ನವರಿಗೆ ಅದನ್ನ ಬಿಡಿಸಿ ಹೇಳಬೇಕಿಲ್ಲ. ಆದ್ರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ, ದುಡ್ಡು ಕಟ್ಟೋ ಆನ್‌ಲೈನ್ ಆಟ ಯಾವುದಾದ್ರೂ ನಿಷೇಧ ಅನ್ನುತ್ತೆ.

ಆ ದುಡ್ಡು ತಂಗಿಯ ಹಾಸ್ಟೆಲ್ ಫೀಸ್‌ಗೆ ಎತ್ತಿಟ್ಟದ್ದು. ಕ್ಯಾತ್ಸಂದ್ರ ಬರೋ ಹೊತ್ತಿಗೆ ಅವಳ ಫೋನ್ ಬಂತು, "ಸರ್ವರ್ ಡೌನ್ ಕಣೇ" ಅಂದೆ. ನಿಜ ಹೇಳಿದ್ದು ಮೂರು ತಿಂಗಳ ಮೇಲೆ. ಈಗ ಹಬ್ಬಕ್ಕೆ ಮನೆಯಲ್ಲಿ ಹುಣಸೆ ಬೀಜ ಕಟ್ಟಿ ಆಡ್ತೀವಿ. ನಡುವೆ ಜೋಡಿ ಬಿದ್ದಾಗಲೆಲ್ಲ ಅವಳು ಎಲೆ ಬಿಟ್ಟು ನನ್ನ ಮುಖ ನೋಡ್ತಾಳೆ.