ನಟನೆಯೂ ಗಾನವೂ: ಕರ್ನಾಟಕಿ ಸೋದರಿಯರು

(ಮುಂಬಯಿಯಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವರ್ಷಂಪ್ರತಿ ಈ ದಿನ ನಮ್ಮ ವೇದಿಕೆಯ ಮೇಲೆ ಚಾಲುಕ್ಯರ, ಹೊಯ್ಸಳರ, ವಿಜಯನಗರದ ಅರಸರ ಗುಣಗಾನ ನಡೆಯುವುದು ರೂಢಿ. ಅದು ನಡೆಯಬೇಕಾದುದೇ. ಆದರೆ ಈ ಸಲ ಸಮಿತಿಯವರು ನಮ್ಮನ್ನು ಮಾತಿಗೆ ಕರೆದಾಗ ನಾವು ಒಂದು ಚಿಕ್ಕ ವಿಷಯವನ್ನೇ ಆರಿಸಿಕೊಂಡೆವು. ಅದಕ್ಕೆ ಕಾರಣಳಾದವಳು ನಮ್ಮ ಮೊಮ್ಮಗಳು. ಟಿ.ವಿ. ಧಾರಾವಾಹಿಯ ನಾಯಕಿಯೊಬ್ಬಳು ತನ್ನ ಹಾಡುಗಳನ್ನು ಮುದ್ರಿಸಿ ಹೊರತಂದಿದ್ದಾಳೆಂದು ಆಕೆ ಬಹು ಸಂಭ್ರಮದಿಂದ ಹೇಳಿ, “ಅಜ್ಜಾ, ಪಾರ್ಟೂ ಮಾಡ್ತಾಳ, ಹಾಡೂ ಹಾಡ್ತಾಳ. ನಿಮ್ಮ ಕಾಲದಾಗ ಹಿಂಗ ಇತ್ತೇನು?” ಎಂದು ಕೇಳಿದಳು.

ನಮಗೆ ನಗು ಬಂದಿತು. ನಮ್ಮ ಹಿರಿಯರ ಕಾಲದಲ್ಲಿ ಹಾಡಲು ಬಾರದವನಿಗೆ ನಾಟಕ ಕಂಪನಿಯಲ್ಲಿ ಮುಖ್ಯ ಪಾರ್ಟು ಸಿಗುವುದೇ ದುರ್ಲಭವಾಗಿತ್ತು. ಅಮೇರಿಕೆಯಲ್ಲಿಯೂ ಟೆಲಿವಿಷನ್ ಹೊಸತಾಗಿದ್ದಾಗ ಇದೇ ನಡೆಯಿತು. ರಿಕಿ ನೆಲ್ಸನ್ ಎಂಬ ಹುಡುಗ ತನ್ನ ತಂದೆ ತಾಯಿ ಅಣ್ಣನೊಡನೆ ಒಂದು ಮನೆಮಂದಿಯ ಧಾರಾವಾಹಿಯಲ್ಲಿ ನಟಿಸುತ್ತಿದ್ದವನು, 1957ರಲ್ಲಿ ಅದೇ ಧಾರಾವಾಹಿಯೊಳಗೆ ಹಾಡತೊಡಗಿದ. ಮರುವರ್ಷವೇ ಅವನ ರಿಕಾರ್ಡು ಆ ದೇಶದಲ್ಲೆಲ್ಲ ಮೊದಲ ಸ್ಥಾನಕ್ಕೇರಿತು. ಮನೆಯೊಳಗೆ ನಿತ್ಯ ಕಾಣುವ ಮುಖ ಹಾಡಿದರೆ ಜನ ಕೊಳ್ಳುತ್ತಾರೆಂಬುದನ್ನು ವ್ಯಾಪಾರಿಗಳು ಅಂದೇ ಕಂಡುಕೊಂಡರು. ಇರಲಿ, ಅದು ಅವರ ಕಥೆ. ನಮ್ಮ ಕಥೆ ಅದಕ್ಕಿಂತ ಹಳೆಯದು. ಅದರ ಒಂದು ಮುಖ್ಯ ಅಧ್ಯಾಯ ನಾವು ಬದುಕುತ್ತಿರುವ ಈ ಮುಂಬಯಿಯಲ್ಲಿಯೇ ನಡೆದದ್ದು.

ನಮ್ಮ ದೇಶಕ್ಕೆ ಗ್ರಾಮಫೋನ್ ಕಂಪನಿಯ ಮುದ್ರಣಕಾರರು ಬಂದದ್ದು 1902ರಲ್ಲಿ, ಕಲಕತ್ತೆಗೆ. ಆಗ ಮೈಕು ಇರಲಿಲ್ಲ. ದೊಡ್ಡ ತುತ್ತೂರಿಯಂಥ ಕೊಳವೆಯೊಳಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕು. ಆ ದನಿಯ ಅದಿರಾಟವೇ ಮುಳ್ಳನ್ನು ನಡೆಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ವಿದ್ಯುತ್ತಿನ ಮುದ್ರಣ ಬಂದದ್ದು 1925ರ ಬಳಿಕ. ಹೀಗಿರುವಾಗ ಆ ಕೊಳವೆಗೆ ಯಾರ ಕಂಠ ಒಪ್ಪೀತು? ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ, ಕೊನೆಯ ಸಾಲಿನ ನೆಲದ ಗಿರಾಕಿಗೂ ಕೇಳುವಂತೆ ರಾತ್ರಿಯೆಲ್ಲ ಹಾಡಿ ಹದಗೊಂಡ ರಂಗನಟರ ಕಂಠ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ನಟರಿಗಾದರೋ ಒಂದು ಕಷ್ಟ: ರಂಗದ ಮೇಲೆ ಅರ್ಧ ಗಂಟೆ ಬೆಳೆಸಿ, ‘ಒನ್ಸ್ ಮೋರ್’ ಎಂದರೆ ಮತ್ತೆ ಹಾಡುತ್ತಿದ್ದ ಪದವನ್ನು ಮೂರು ನಿಮಿಷದಲ್ಲಿ ಮುಗಿಸಬೇಕು. ಅರಗಿನ ಆ ಕರಿಯ ಪ್ಲೇಟಿನ ಒಂದು ಮಗ್ಗುಲು ಹಿಡಿಯುವುದೇ ಅಷ್ಟು.

ಇನ್ನೊಂದು ಸಂಗತಿ. ಆ ಕಾಲದ ಹಾಡಿನ ಕೊನೆಗೆ ಗಾಯಕಿ ತನ್ನ ಹೆಸರನ್ನು ತಾನೇ ಕೂಗಿ ಹೇಳುವುದನ್ನು ಕೇಳಿ ಈಗಿನವರು ನಗುತ್ತಾರೆ. ಕಲಕತ್ತೆಯ ಗೌಹರ್ ಜಾನ್ ಹಾಗೆ ಹೇಳುತ್ತಿದ್ದರು. ಅದು ಜಂಬವಲ್ಲ. ಮೇಣದ ಅಚ್ಚು ಹಡಗಿನಲ್ಲಿ ಜರ್ಮನಿಗೆ ಹೋಗಿ ಪ್ಲೇಟಾಗಿ ಬರಬೇಕಾಗಿತ್ತು. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ತಿಳಿಯಲು ಆ ಕೂಗು. ಈ ಮಹಾಗಾಯಕಿ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಇವರನ್ನೂ, ದಾದರಿನ ರಣಜಿತ್ ಸ್ಟುಡಿಯೋದ ನಟಿ ಮಿಸ್ ಗೋಹರರನ್ನೂ, ನಾವೀಗ ಹೇಳಲಿರುವ ಗೋಹರಬಾಯಿಯವರನ್ನೂ ಒಬ್ಬರೇ ಎಂದು ತಿಳಿದವರನ್ನು ನಾವು ಕಂಡಿದ್ದೇವೆ. ಮೂವರೂ ಬೇರೆ ಬೇರೆ.

ಹೆಸರಿನ ಮಾತು ಬಂದಿತು. ಪ್ಲೇಟಿನ ನಡುವೆ ಅಂಟಿಸಿದ ದುಂಡನೆಯ ಚೀಟಿಯ ಮೇಲೆ ಯಾರ ಹೆಸರು ಬರಬೇಕೆಂಬುದನ್ನು ಹಾಡಿದವರೇ ನಿಶ್ಚಯಿಸುತ್ತಿದ್ದರೆಂದು ತಿಳಿಯಬೇಡಿ. ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳ ಮೇಲೆ ಕಂಪನಿ ಅಚ್ಚು ಹಾಕಿದ ಹೆಸರು ‘ಗಾಂಧಾರಿ’. ‘ಮಹಲ್’ ಚಿತ್ರದ ಪ್ಲೇಟು 1949ರಲ್ಲಿ ಬಂದಾಗ ಅದರ ಮೇಲೆ ಲತಾ ಮಂಗೇಶ್ಕರರ ಹೆಸರೇ ಇರಲಿಲ್ಲ. ಕಥೆಯಲ್ಲಿಯ ಪಾತ್ರದ ಹೆಸರಾದ ‘ಕಾಮಿನಿ’ ಎಂದಿತ್ತು. ಇಂಥ ಕಾಲದಲ್ಲಿ ಇಬ್ಬರು ಸೋದರಿಯರು ತಮ್ಮ ಹೆಸರನ್ನಷ್ಟೇ ಅಲ್ಲ, ತಮ್ಮ ನಾಡಿನ ಹೆಸರನ್ನೂ ಹೊತ್ತು ಹಾಡಿದರು. ಗೋಹರಬಾಯಿ ಕರ್ನಾಟಕಿ, ಅಮೀರಬಾಯಿ ಕರ್ನಾಟಕಿ.

ಇವರ ಊರು ಬೀಳಗಿ. ಅಂದು ವಿಜಾಪುರ ಜಿಲ್ಲೆ, ಇಂದು ಬಾಗಲಕೋಟೆ ಜಿಲ್ಲೆ. ಹಾಡುವುದು, ನಟಿಸುವುದು ಮರ್ಯಾದಸ್ಥ ಹೆಣ್ಣುಮಕ್ಕಳ ಕೆಲಸವಲ್ಲವೆಂದು ಊರು ತೀರ್ಮಾನಿಸಿಬಿಟ್ಟಿದ್ದ ಕಾಲ. ಅಕ್ಕ ಗೋಹರಬಾಯಿ ಬಾಲಗಂಧರ್ವರ ಗಾಯನದ ಧಾಟಿಯನ್ನು ತಮ್ಮದಾಗಿಸಿಕೊಂಡು ಅವರ ನಾಟಕ ಮಂಡಳಿಯನ್ನೇ ಸೇರಿದರು. ಬಾಲಗಂಧರ್ವರೆಂದರೆ ಮರಾಠಿಗರಿಗೆ ಎಂಥ ದೈವವೆಂಬುದನ್ನು ಈ ಊರಿನಲ್ಲಿರುವ ನಮಗೆ ಬೇರೆ ಹೇಳಬೇಕೇ? ಸ್ತ್ರೀಪಾತ್ರಕ್ಕೆ ಅವರನ್ನು ಬಿಟ್ಟರಿಲ್ಲ ಎಂದು ನಂಬಿದ್ದ ರಂಗದ ಮೇಲೆ ಒಬ್ಬ ಕನ್ನಡತಿ, ಅದರಲ್ಲೂ ಮುಸಲ್ಮಾನಳು, ನಾಯಕಿಯಾಗಿ ನಿಂತು ಹಾಡಿದಳೆಂದರೆ ಅನೇಕರಿಗೆ ಸಹಿಸಲಾಗಲಿಲ್ಲ. ಮಂಡಳಿ ಇಳಿಮುಖವಾದದ್ದಕ್ಕೆ ಅವಳನ್ನೇ ದೂರಿದವರೂ ಉಂಟು. ಆದರೆ ಬಾಲಗಂಧರ್ವರ ಕಾಲುಗಳು ಸೋತು ಹೋಗಿ, ಮೆಚ್ಚಿದ ಜನ ದೂರವಾದಾಗ ಅವರ ಆರೈಕೆ ಮಾಡುತ್ತ ಕೊನೆಯವರೆಗೂ ಜತೆಗಿದ್ದವರು ಗೋಹರಬಾಯಿ. ಅವರು 1964ರಲ್ಲಿ ತೀರಿಕೊಂಡರು, ಬಾಲಗಂಧರ್ವರು 1967ರಲ್ಲಿ. ಪುಣೆಯ ಬಾಲಗಂಧರ್ವ ರಂಗಮಂದಿರದ ಮೆಟ್ಟಿಲೇರುವಾಗ ಬೀಳಗಿಯ ಈ ಹೆಣ್ಣುಮಗಳನ್ನು ನೆನೆಯುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ?

ತಂಗಿ ಅಮೀರಬಾಯಿ ಚಿಕ್ಕ ವಯಸ್ಸಿನಲ್ಲಿಯೇ ಮುಂಬಯಿಗೆ ಬಂದರು. 1934ರಲ್ಲಿ ‘ವಿಷ್ಣುಭಕ್ತಿ’ ಎಂಬ ಚಿತ್ರದಲ್ಲಿ ಮೊದಲ ಪಾತ್ರ. ಕನ್ನಡದ ‘ಸತಿ ಸುಲೋಚನ’ ತೆರೆಗೆ ಬಂದುದೂ ಅದೇ ವರ್ಷ. ಆಗ ನಟಿಯಾದವಳು ತನ್ನ ಹಾಡನ್ನು ತಾನೇ ಹಾಡಬೇಕು. ಒಂಬತ್ತು ವರ್ಷ ಚಿಕ್ಕ ದೊಡ್ಡ ಪಾತ್ರಗಳಲ್ಲಿ ಕಳೆದ ಮೇಲೆ 1943ರಲ್ಲಿ ಮಾಲಾಡಿನ ಬಾಂಬೆ ಟಾಕೀಜಿನವರ ‘ಕಿಸ್ಮತ್’ ಬಂದಿತು. ಅನಿಲ ಬಿಸ್ವಾಸರ ಸಂಗೀತ. ನಾಯಕಿ ಮುಮ್ತಾಜ್ ಶಾಂತಿಗೆ ಕಂಠ ಕೊಟ್ಟವರು ಅಮೀರಬಾಯಿ. ಕಲಕತ್ತೆಯ ಒಂದೇ ಥಿಯೇಟರಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮೇಲೆ ಓಡಿತು. ಅದರಲ್ಲಿಯ ದೀಪಾವಳಿಯ ಹಾಡನ್ನು ಕೇಳಿ ನೋಡಿ. ಊರೆಲ್ಲ ದೀಪ ಹಚ್ಚಿಕೊಂಡಿರುವಾಗ ತನ್ನ ಮನೆಯೊಂದು ಕತ್ತಲಾಗಿರುವವಳ ಹಾಡು. ಕೊಳವೆಯ ಕಾಲದ ಕಂಠದ ಬಿಗಿಯೂ ಇದೆ, ಮೈಕು ಕಲಿಸಿಕೊಟ್ಟ ಮೆಲುದನಿಯೂ ಇದೆ. ನಟಿಯಾಗಿ ಪಳಗಿದವಳಾದ್ದರಿಂದ ಮಾತಿನ ಅರ್ಥವೊಂದೂ ರಾಗದಲ್ಲಿ ಮುಳುಗಿ ಹೋಗುವುದಿಲ್ಲ. ಅನಂತರ ಬಂದ ಎಷ್ಟೋ ಇನಿದನಿಗಳಲ್ಲಿ ನಮಗೆ ಇದು ಸಿಕ್ಕಿಲ್ಲವೆಂದರೆ ಕಿರಿಯರು ಮುನಿಯಬಾರದು.

ಮರುವರ್ಷ ‘ರತನ್’, ಅದರಲ್ಲಿ ನೌಷಾದರಿಗಾಗಿ ಹಾಡಿದರು. 1946ರ ‘ರಾಣಕದೇವಿ’ ಎಂಬ ಗುಜರಾತಿ ಚಿತ್ರದಲ್ಲಿ ಅವರು ಹಾಡಿದ ಹಾಡೊಂದು ಗುಜರಾತಿಗಳ ಮನೆಮಾತಾಯಿತು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ಕೂಡಿಸಿದರು. ಹೆಂಗಸೊಬ್ಬಳು ವಾದ್ಯಗಾರರ ಮೇಲೆ ಯಜಮಾನಿಕೆ ಮಾಡುವುದು ಆಗ ಅಪರೂಪವೇ.

ಈ ಗುಜರಾತಿ ಹಾಡಿನ ಬಗೆಗೆ ನಮ್ಮ ಮನೆಯ ಸಂಗತಿಯೊಂದನ್ನು ಹೇಳಲು ಅಪ್ಪಣೆಯಾಗಬೇಕು. ನಾವು ಬೆಳೆದದ್ದು ಮಾಟುಂಗೆಯ ಒಂದು ಚಾಳಿನಲ್ಲಿ. ಪಕ್ಕದ ಖೋಲಿಯಲ್ಲಿದ್ದವರು ಗುಜರಾತಿಗಳು. ಚಾವಿ ಕೊಡುವ ಗ್ರಾಮಫೋನು ಅವರಲ್ಲಿತ್ತು. ಶಾಲೆಯಲ್ಲಿ ನಮ್ಮನ್ನು ‘ಕಾನಡಿ, ಕಾನಡಿ’ ಎಂದು ರೇಗಿಸುತ್ತಿದ್ದ ದಿನಗಳು. ಗೆಳೆಯರೆದುರು ಅವ್ವ ಕನ್ನಡದಲ್ಲಿ ಕರೆದರೆ ಕೇಳಿಸದವರಂತೆ ಹೋಗಿಬಿಡುತ್ತಿದ್ದೆವು. ಇದನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ಒಂದು ಮಧ್ಯಾಹ್ನ ಆ ಬೆನ್ ಅವರು ರಾಣಕದೇವಿಯ ಪ್ಲೇಟು ಹಚ್ಚಿ, ಇದು ತಮ್ಮ ಕಾಠಿಯಾವಾಡದ ಹಾಡೆಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವ್ವ ಜೋಳದ ಹಿಟ್ಟಿನ ಕೈಯಲ್ಲಿಯೇ ಎದ್ದುಹೋಗಿ ಬಾಗಿಲಲ್ಲಿ ನಿಂತು ಕೇಳಿದಳು. ಹಾಡು ಮುಗಿದ ಮೇಲೆ ನಮ್ಮನ್ನು ಕರೆದು, “ಆ ಚೀಟಿ ಮ್ಯಾಲೆ ಏನ ಬರದೈತಿ, ಓದಪಾ” ಎಂದಳು. ಇಂಗ್ಲಿಷಿನಲ್ಲಿದ್ದ ಹೆಸರನ್ನು ನಾವು ಕೂಡಿಸಿಕೊಂಡು ಓದಿದೆವು. ಅವ್ವ ನೆರೆಯಾಕೆಗೆ ತನಗೆ ಬರುವಷ್ಟು ಹಿಂದಿಯಲ್ಲಿ, ಈಕೆ ನಮ್ಮ ಬೀಳಗಿಯವಳು, ನಮ್ಮ ತವರಿನಿಂದ ಒಂದು ಹರದಾರಿ ಎಂದಳು. ಬೆನ್ ನಂಬಲಿಲ್ಲ. ಇಷ್ಟು ಸ್ವಚ್ಛ ಗುಜರಾತಿ ಹಾಡಿದವಳು ‘ಕಾನಡಿ’ಯೇ? ಅವ್ವ ಮತ್ತೆ ಮತ್ತೆ ಆ ಚೀಟಿಯನ್ನೇ ತೋರಿಸಿದಳು. ಅಂದಿನಿಂದ ನಾವು ಕರೆದರೆ ಕೇಳಿಸದವರಂತೆ ಹೋಗುವುದನ್ನು ಬಿಟ್ಟೆವೆಂದೇನೂ ಅಲ್ಲ. ಆದರೆ ಹೋಗುವ ಮುಂಚೆ ಒಂದು ಕ್ಷಣ ನಿಲ್ಲತೊಡಗಿದೆವು.

ರಾಜ್ಯೋತ್ಸವದ ದಿನ ಇದನ್ನೇಕೆ ಹೇಳುತ್ತಿದ್ದೇವೆ? ‘ಕಿಸ್ಮತ್’ ಬಂದ 1943ರ ಭೂಪಟವನ್ನು ತೆಗೆದು ನೋಡಿ. ಅದರಲ್ಲಿ ಕರ್ನಾಟಕವೆಂಬ ಪ್ರಾಂತವಿಲ್ಲ. ಬೀಳಗಿ ಮುಂಬಯಿ ಪ್ರಾಂತದಲ್ಲಿ, ಕಲಬುರ್ಗಿ ನಿಜಾಮರಲ್ಲಿ, ಬಳ್ಳಾರಿ ಮದರಾಸಿನಲ್ಲಿ, ಮೈಸೂರು ಮಹಾರಾಜರಲ್ಲಿ. ಏಕೀಕರಣವಾದದ್ದು 1956ರಲ್ಲಿ, ಅದಕ್ಕೂ ಇಟ್ಟ ಹೆಸರು ಮೈಸೂರು ರಾಜ್ಯ. ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಲ್ಲಿಯವರೆಗೆ ಆ ಹೆಸರು ಇದ್ದದ್ದು ಕವಿಗಳ ಪದ್ಯದಲ್ಲಿ, ಸಂಘಗಳ ಬೋರ್ಡುಗಳ ಮೇಲೆ, ಚಳವಳಿಗಾರರ ಬಾಯಲ್ಲಿ, ಮತ್ತು ಲಾಹೋರಿನಿಂದ ಕಲಕತ್ತೆಯವರೆಗೆ ಮಾರಾಟವಾದ ಈ ಪ್ಲೇಟುಗಳ ಚೀಟಿಯ ಮೇಲೆ. ಏಕೀಕರಣದ ಇತಿಹಾಸ ಬರೆಯುವವರು ಈ ಚೀಟಿಗೆ ಒಂದು ಸಾಲನ್ನಾದರೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಅಮೀರಬಾಯಿಯವರ ಕೀರ್ತಿಯೆಲ್ಲ ಹಿಂದಿಯಿಂದ, ಗುಜರಾತಿಯಿಂದ ಬಂದದ್ದು, ಕನ್ನಡಕ್ಕೆ ಅವರಿಂದ ಆದದ್ದೇನು ಎಂದು ಕೇಳುವವರಿದ್ದಾರೆ. ಹಾಗಾದರೆ ಬ್ಯಾಂಕಿನಲ್ಲಿ ಇಂಗ್ಲಿಷು, ಬಜಾರಿನಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡಿ ಹೊಟ್ಟೆ ಹೊರೆಯುವ ನಾವು ನೀವು ಯಾರು? ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ.

ಮುಂದೆ ಹಿನ್ನೆಲೆ ಗಾಯನ ಬಲಿಯಿತು. ಮುಖ ಒಬ್ಬರದು, ಕಂಠ ಮತ್ತೊಬ್ಬರದು. ಲತಾ ಅವರ ಸಣ್ಣ ನೂಲಿನಂಥ ದನಿಯ ಮುಂದೆ ಹಳೆಯ ಗಾಯಕಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅಮೀರಬಾಯಿ ಮತ್ತೆ ನಟನೆಗೆ ಮರಳಿ ಚಿಕ್ಕ ಪುಟ್ಟ ಪಾತ್ರಗಳನ್ನು ಮಾಡಿದರು. ಹಾಡಿನಿಂದ ಬಂದವರಿಗೆ ನಟನೆ ಆಸರೆಯಾಯಿತೆನ್ನಬೇಕು. 1965ರಲ್ಲಿ ಇದೇ ಮುಂಬಯಿಯಲ್ಲಿ ಕಣ್ಣು ಮುಚ್ಚಿದರು, ಮಣ್ಣಾದದ್ದು ವಿಜಾಪುರದಲ್ಲಿ. ಆ ಊರಿನಲ್ಲಿ ‘ಅಮೀರ್ ಟಾಕೀಜ್’ ಎಂಬ ಚಿತ್ರಮಂದಿರ ಅವರ ಹೆಸರಿನಲ್ಲಿ ನಡೆದದ್ದನ್ನು ಬಲ್ಲವರು ಈ ಸಭೆಯಲ್ಲಿಯೂ ಇದ್ದಾರು. ಅವರ ಬಾಳಿನ ಕಥೆಯನ್ನು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕವಾಗಿ ಬರೆದಿದ್ದಾರೆ, ಕೊಂಡು ಓದಿರಿ. ಅಕ್ಕ ತಂಗಿಯರಿಬ್ಬರೂ ತಮ್ಮ ಹೆಸರಿನೊಡನೆ ಹೊತ್ತು ತಿರುಗಿದ ನಾಡಿಗೆ ಆ ಹೆಸರಿಟ್ಟ ದಿನವನ್ನು ಕಾಣದೇ ಹೋದರು.

ಕನ್ನಡ ಚಿತ್ರಗಳಲ್ಲಿ ನಟನೂ ಗಾಯಕನೂ ಮತ್ತೆ ಒಂದಾದದ್ದು ರಾಜಕುಮಾರರಲ್ಲಿ. ಗುಬ್ಬಿ ಕಂಪನಿಯ ಅನ್ನ ಉಂಡವರು ಹಾಡಲು ಬಾರದವರಾಗುವುದುಂಟೇ! ಆದರೂ ವರ್ಷಗಟ್ಟಲೆ ಅವರಿಗೆ ಪಿ. ಬಿ. ಶ್ರೀನಿವಾಸರು ಕಂಠವಾಗಿದ್ದರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಬಳಿಕ ತಮ್ಮ ಹಾಡು ತಾವೇ ಹಾಡತೊಡಗಿ, ‘ಜೀವನ ಚೈತ್ರ’ದ ಹಾಡಿಗೆ 1992ನೆಯ ಸಾಲಿನ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಇದು ನಿಮಗೆಲ್ಲ ತಿಳಿದದ್ದೇ, ಬೆಳೆಸುವುದಿಲ್ಲ.

ಈಗ ಒಂದು ಬಿನ್ನಹ. ಅರಗಿನ ಪ್ಲೇಟು ಕೈಜಾರಿದರೆ ಮಣ್ಣಿನ ಹಂಚಿನಂತೆ ಒಡೆಯುತ್ತದೆ. ಚಾಳು ಬಿಟ್ಟು ಫ್ಲ್ಯಾಟಿಗೆ ಹೋಗುವಾಗ ಇಂಥವನ್ನು ನಮ್ಮವರು ರದ್ದಿವಾಲಾನಿಗೆ ತೂಕಕ್ಕೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇವೆ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ಒಂದಾದರೂ ಇದ್ದೀತು. ಒರೆಸಲು ಸ್ಪಿರಿಟ್ ಹಾಕಬೇಡಿ, ಒಂದರ ಮೇಲೊಂದು ಮಲಗಿಸಬೇಡಿ, ನಿಲ್ಲಿಸಿಡಿ. ಸಂಘಕ್ಕೆ ತಂದುಕೊಟ್ಟರೆ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಪ್ಲೇಟನ್ನು ಜೋಪಾನವಾಗಿ ಹಿಂದಿರುಗಿಸಲು ನಮ್ಮ ತರುಣರು ಒಪ್ಪಿದ್ದಾರೆ.

ನಾವು ಮಾಟುಂಗೆಯನ್ನು ಬಿಟ್ಟು ಹೊರಟಾಗ ಆ ಬೆನ್ ಅವರು ರಾಣಕದೇವಿಯ ಪ್ಲೇಟನ್ನು ಅವ್ವನ ಕೈಯಲ್ಲಿಟ್ಟಿದ್ದರು. ನಮ್ಮಲ್ಲಿ ಗ್ರಾಮಫೋನು ಇರಲಿಲ್ಲ. ಅವ್ವ ಅದನ್ನು ಸೀರೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಅಂಚಿನಲ್ಲಿ ಒಂದು ಚೂರು ಎದ್ದುಹೋಗಿದೆ, ಹಾಡಿನ ಆರಂಭ ಕೇಳಿಸದು. ಬಾಗಿಲ ಬಳಿಯ ಮೇಜಿನ ಮೇಲೆ ಅದನ್ನಿಟ್ಟಿದ್ದೇವೆ. ಸದಸ್ಯರೊಬ್ಬರು ತಮ್ಮ ಗ್ರಾಮಫೋನನ್ನೂ ತಂದಿದ್ದಾರೆ. ಉಪಾಹಾರದ ಹೊತ್ತಿಗೆ ಚಾವಿ ಕೊಡುತ್ತಾರೆ. ಮಕ್ಕಳನ್ನು ಮುಂದೆ ಕೂಡಿಸಿರಿ, ಚೀಟಿಯ ಮೇಲಿನ ಹೆಸರನ್ನು ಅವರೇ ಓದಲಿ.