ನಿಜಶಾಂತಿಯೆಂಬ ಹೆಸರಿನ ನಾಡು: ಅಲ್ಟಾ ವೆರಪಾಸ್



ಅಮೆರಿಕ ಖಂಡವನ್ನು ಹೊಕ್ಕ ಸ್ಪೇನ್ ದೇಶದವರು ತಾವು ಗೆದ್ದ ಸೀಮೆಗಳಿಗೆ ತಮ್ಮ ಸಂತರ ಹೆಸರನ್ನೋ, ತಾವು ಹುಟ್ಟಿ ಬೆಳೆದ ಊರುಗಳ ಹೆಸರನ್ನೋ ಇಟ್ಟುಕೊಂಡು ಹೋದುದೇ ಹೆಚ್ಚು. ಮಧ್ಯ ಅಮೆರಿಕದ ಒಂದು ಸೀಮೆಗಾದರೋ ಬೇರೊಂದು ಬಗೆಯ ಹೆಸರು ಬಂದಿತು. 'ವೆರಪಾಸ್' ಎಂದರೆ ನಿಜವಾದ ಶಾಂತಿ. ಅದಕ್ಕೂ ಮೊದಲು ಸ್ಪೇನಿನ ಸಿಪಾಯಿಗಳು ಅದೇ ನೆಲವನ್ನು 'ಯುದ್ಧಭೂಮಿ' ಎಂದು ಕರೆಯುತ್ತಿದ್ದರು. ಈ ಹೆಸರು ಹೇಗೆ ಬದಲಾಯಿತು, ಬದಲಾದ ಹೆಸರಿಗೆ ನಾಡು ಎಷ್ಟರಮಟ್ಟಿಗೆ ತಕ್ಕುದಾಯಿತು ಎಂಬುದೇ ನಮ್ಮ ಇಂದಿನ ವಿಷಯ.

ಗ್ವಾಟೆಮಾಲಾ ದೇಶದ ಉತ್ತರಭಾಗದಲ್ಲಿ ಸುಮಾರು 3,350 ಚದರ ಮೈಲಿ ಹರಡಿರುವ ಆಡಳಿತ ಪ್ರಾಂತವೇ ಅಲ್ಟಾ ವೆರಪಾಸ್, ಅಂದರೆ ಮೇಲಣ ವೆರಪಾಸ್. 1877ರಲ್ಲಿ ಹಳೆಯ ವೆರಪಾಸನ್ನು ಮೇಲಣದು, ಕೆಳಗಣದು ಎಂದು ಎರಡಾಗಿ ಒಡೆದರು. ಇದರ ಮುಖ್ಯಪಟ್ಟಣ ಕೊಬಾನ್, ಸಮುದ್ರಮಟ್ಟಕ್ಕೆ ಸುಮಾರು 4,300 ಅಡಿ ಎತ್ತರದಲ್ಲಿದೆ. ಅಲ್ಲಿ ವರ್ಷದ ಬಹುಭಾಗ ತುಂತುರುಮಳೆ. ಅದಕ್ಕೆ ಆ ಜನ 'ಚಿಪಿಚಿಪಿ' ಎನ್ನುತ್ತಾರೆ. ನಮ್ಮ ಮಲೆನಾಡಿನವರು 'ಜಿಟಿಜಿಟಿ' ಎನ್ನುವಂತೆ! ನೆಲವೆಲ್ಲ ಸುಣ್ಣಕಲ್ಲು. ನೀರು ಅದನ್ನು ಕೊರೆಕೊರೆದು ಗವಿಗಳನ್ನು ಮಾಡಿದೆ. ಸೆಮುಕ್ ಚಂಪೆ ಎಂಬಲ್ಲಿ ಕಹಬೋನ್ ನದಿ ಸುಮಾರು ಸಾವಿರ ಅಡಿಗಳ ದೂರ ಕಲ್ಲಿನ ಸೇತುವೆಯ ಕೆಳಗೆ ನುಸುಳಿ ಹರಿಯುತ್ತದೆ. ಮೇಲೆ ಹಸುರುನೀರಿನ ಕೊಳಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. ಮಂಜು ಕವಿದ ಕಾಡುಗಳಲ್ಲಿ ಕೆಟ್ಸಾಲ್ ಎಂಬ ಪಕ್ಷಿ ವಾಸಿಸುತ್ತದೆ. ಅದರ ಪಚ್ಚೆವರ್ಣದ ಬಾಲದ ಗರಿಗಳು ಮಾಯಾ ಅರಸರ ಕಿರೀಟಗಳಿಗೆ ಒಪ್ಪುತ್ತಿದ್ದುವು. ಈಗ ಆ ದೇಶದ ನಾಣ್ಯಕ್ಕೂ ಅದೇ ಹೆಸರು.

ಇನ್ನು ಇತಿಹಾಸ. ಕೋರ್ಟೆಸನ, ಪಿಸಾರೋನ ಕತ್ತಿಯ ಕಥೆಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಉಂಟು. ಬಾರ್ತೊಲೊಮೆ ದೆ ಲಾಸ್ ಕಾಸಾಸನ ಹೆಸರು ಅಷ್ಟಾಗಿ ಕಾಣಬರುವುದಿಲ್ಲ. ಈತನೂ ಮೊದಲು ಕ್ಯೂಬಾದಲ್ಲಿ ಇಂಡಿಯನರ ದುಡಿಮೆಯಿಂದ ಬದುಕಿದವನೇ. ಆಮೇಲೆ ಮನಸ್ಸು ತಿರುಗಿ, ಡೊಮಿನಿಕನ್ ಪಂಥದ ಸಂನ್ಯಾಸಿಯಾಗಿ, ಮತವನ್ನು ಮನವೊಲಿಸಿ ಹೇಳಬೇಕೇ ಹೊರತು ಕತ್ತಿಯಿಂದ ಹೇರಲಾಗದು ಎಂದು ವಾದಿಸಿದನು. 'ಹಾಗಾದರೆ ಮಾಡಿ ತೋರಿಸು' ಎಂಬ ಮಾತು ಬಂದಾಗ, ಸಿಪಾಯಿಗಳಿಗೆ ಮಣಿಯದಿದ್ದ ಈ ಯುದ್ಧಭೂಮಿಯನ್ನೇ ಆರಿಸಿಕೊಂಡನು. 1537ರ ಮೇ ತಿಂಗಳಲ್ಲಿ ರಾಜ್ಯಪಾಲ ಮಾಲ್ದೊನಾದೋನೊಡನೆ ಕರಾರಾಯಿತು: ಈ ಜನರನ್ನು ಯಾವ ಸ್ಪೇನಿನವನಿಗೂ ಊಳಿಗಕ್ಕೆ ಹಂಚಿಕೊಡಬಾರದು, ಐದು ವರ್ಷ ಸಂನ್ಯಾಸಿಗಳ ಹೊರತು ಬೇರೆ ಸ್ಪೇನಿನವರು ಒಳಗೆ ಕಾಲಿಡಬಾರದು.

ಸಂನ್ಯಾಸಿಗಳು ಮತಕಥೆಗಳನ್ನು ಮಾಯಾ ಭಾಷೆಯಲ್ಲಿ ಹಾಡಾಗಿ ಕಟ್ಟಿ, ಇಂಡಿಯನ್ ವರ್ತಕರ ಬಾಯಲ್ಲಿ ಒಳನಾಡಿಗೆ ಕಳುಹಿಸಿದರೆಂದೂ, ಅದನ್ನು ಕೇಳಿ ಅಲ್ಲಿನ ಒಡೆಯರು ಕರಗಿದರೆಂದೂ ಒಂದು ಕಥೆಯುಂಟು. 1619ರಲ್ಲಿ ಪ್ರಕಟವಾದ ರೆಮೆಸಾಲನ ಚರಿತ್ರೆಯಲ್ಲಿ ಅದು ಬಂದಿದೆ. ಈಚಿನ ಇತಿಹಾಸಕಾರರು ಅದನ್ನು ಪೂರಾ ನಂಬುವುದಿಲ್ಲ. ನಮಗೂ ಅದು ಸ್ವಲ್ಪ ಹೆಚ್ಚು ಇಂಪಾಗಿಯೇ ತೋರುತ್ತದೆ. ಆದರೆ ಕರಾರು ಕಥೆಯಲ್ಲ. 1547ರಲ್ಲಿ ಅರಸನ ಆಜ್ಞೆಯಿಂದ ನಾಡಿಗೆ ಹೊಸ ಹೆಸರು ಬಂದಿತು. 1555ರಲ್ಲಿ ಹ್ವಾನ್ ಮತಲ್ಬಾಟ್ಸ್ ಎಂಬ ಸ್ಥಳೀಯ ನಾಯಕನನ್ನೇ ಅಲ್ಲಿಗೆ ಅಧಿಕಾರಿಯನ್ನಾಗಿ ನೇಮಿಸಿದರು. ಶಾಂತಿ ನಿಷ್ಕಳಂಕವಾಗಿದ್ದಿತೆಂದು ಹೇಳಲಾಗದು. ಚೆದುರಿದ ಹಳ್ಳಿಗಳ ಜನರನ್ನು ಚರ್ಚಿನ ಸುತ್ತ ತಂದು ಕೂಡಿಸಿದರು. ಅದೇ 1555ರಲ್ಲಿ ಉತ್ತರದ ಕಾಡಿನವರು ದೊಮಿಂಗೋ ದೆ ವಿಕೋ ಎಂಬ ಪಾದ್ರಿಯನ್ನು ಕೊಂದಾಗ ಆಯುಧಗಳು ಮತ್ತೆ ಹೊರಬಂದುವು. ಆದರೂ ಬೇರೆ ಸೀಮೆಗಳಲ್ಲಿ ಸ್ಪೇನಿನ ಜಮೀನುದಾರರು ತುಂಬಿಕೊಂಡಂತೆ ಇಲ್ಲಿ ಬಹುಕಾಲ ತುಂಬಿಕೊಳ್ಳಲಿಲ್ಲ. ಭೂಮಿ ಬಹುಮಟ್ಟಿಗೆ ಕೆಕ್ಚಿ ಜನರ ಕೈಯಲ್ಲೇ ಉಳಿಯಿತು.

ಭೂಮಿ 'ಕೈಯಲ್ಲಿ' ಉಳಿಯಿತೆಂದೆವು. ಕೆಕ್ಚಿಗಳು ಹಾಗೆ ಹೇಳಲೊಪ್ಪರು. ಅವರಿಗೆ ನೆಲದ ಒಡೆಯನೆಂದರೆ 'ತ್ಸೂಲ್‌ತಕಾ'. 'ತ್ಸೂಲ್' ಎಂದರೆ ಬೆಟ್ಟ, 'ತಕಾ' ಎಂದರೆ ಕಣಿವೆ. ಎರಡೂ ಕೂಡಿದ ಒಂದು ದೈವ. ಗವಿಗಳು ಅದರ ಮನೆ. ಮುಸುಕಿನ ಜೋಳ ಬಿತ್ತುವ ಮುನ್ನ 'ಪೋಮ್' ಎಂಬ ಮರದ ರಾಳದ ಧೂಪ ಹಾಕಿ, ಮೇಣದ ಬತ್ತಿ ಹಚ್ಚಿ, ಅಪ್ಪಣೆ ಬೇಡಿಕೊಂಡೇ ನೆಲಕ್ಕೆ ಕೋಲೂರುತ್ತಾರೆ. ಚರ್ಚಿಗೂ ಹೋಗುತ್ತಾರೆ, ಗವಿಗೂ ಹೋಗುತ್ತಾರೆ. ಇದರಲ್ಲಿ ಅವರಿಗೆ ವಿರೋಧ ಕಾಣುವುದಿಲ್ಲ. 2018ರ ಜನಗಣತಿಯಲ್ಲಿ 12 ಲಕ್ಷಕ್ಕೆ ಮೀರಿದ್ದ ಪ್ರಾಂತದ ಜನರಲ್ಲಿ ಬಹುಪಾಲು ಕೆಕ್ಚಿಗಳೇ. ಭಾಷೆ ಮಕ್ಕಳ ಬಾಯಲ್ಲಿ ಇನ್ನೂ ಜೀವಂತವಾಗಿದೆ.

ದೈವದ ಅಪ್ಪಣೆ ಪಡೆದವರ ಬಳಿ ಸರ್ಕಾರದ ಕಾಗದ ಇರಲಿಲ್ಲ. ಕತ್ತಿ ಸಾಧಿಸಲಾರದುದನ್ನು ಕಾಗದ ಸಾಧಿಸಿತು. 1871ರಲ್ಲಿ ಅಧಿಕಾರಕ್ಕೆ ಬಂದ ಸುಧಾರಕ ಪಕ್ಷದವರು ಕಾಫಿಯಿಂದಲೇ ದೇಶದ ಉದ್ಧಾರವೆಂದು ಬಗೆದರು. ಕ್ರಯಪತ್ರವಿಲ್ಲದ ನೆಲವನ್ನು ಬೀಳುಭೂಮಿಯೆಂದು ಎಣಿಸಿ, ಬೇಡಿದವರಿಗೆ ಮಾರಿದರು. ಕೊಳ್ಳುವವರಲ್ಲಿ ಜರ್ಮನರು ಮುಂದಾದರು. ರಾತ್ರಿ ತನ್ನ ಹೊಲದಲ್ಲಿ ಮಲಗಿದ ರೈತ ಬೆಳಗ್ಗೆ ಇನ್ನೊಬ್ಬನ ತೋಟದ ಆಳಾಗಿ ಎದ್ದನೆಂದರೆ ಅತಿಶಯೋಕ್ತಿಯಾಗದು. ಊರಿಗೆ ಊರೇ ತೋಟದೊಳಗೆ ಸೇರಿಹೋಗುತ್ತಿದ್ದಿತು. ಜೋಳ ಬೆಳೆಯಲು ಒಂದು ತುಂಡು ನೆಲ ಬೇಕಾದರೆ ದೊರೆಗೆ ದುಡಿಯಬೇಕು. 1877ರ ಕೂಲಿ ಕಾನೂನು ಬಲವಂತದ ದುಡಿಮೆಗೆ ಕಟ್ಟಳೆಯ ರೂಪ ಕೊಟ್ಟಿತು. ತಾಳಲಾರದವರು ಉತ್ತರದ ಕಾಡಿಗೂ, ಗಡಿ ದಾಟಿ ಬ್ರಿಟಿಷ್ ಹಾಂಡುರಾಸಿಗೂ ಓಡಿದರು. ಅದೇ ಕಾಲದಲ್ಲಿ ಎರ್ವಿನ್ ಡೀಸೆಲ್‌ಡಾರ್ಫನಂಥ ತೋಟಗಾರರು ಮಾಯಾ ಪ್ರಾಚೀನ ವಸ್ತುಗಳನ್ನು ಶ್ರದ್ಧೆಯಿಂದ ಅಗೆದು ಅಭ್ಯಾಸಮಾಡಿದರೆಂಬುದನ್ನೂ ಹೇಳಬೇಕು. ಸತ್ತ ಮಾಯಾ ಜನರಿಗೆ ದೊರೆತ ಗೌರವ ಬದುಕಿದ್ದವರಿಗೆ ದೊರೆಯಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ತೋಟಗಳನ್ನು ಸರ್ಕಾರ ವಶಪಡಿಸಿಕೊಂಡಿತು. 1952ರ ಭೂಸುಧಾರಣೆಯ ಶಾಸನದಿಂದ ರೈತರಿಗೆ ನೆಲ ಹಂಚಲಾರಂಭಿಸಿ, 1954ರಲ್ಲಿ ಸರ್ಕಾರ ಉರುಳಿದೊಡನೆ ಅದೂ ಹಿಂದಕ್ಕೆ ಹೋಯಿತು. ಮುಂದೆ, 1978ರ ಮೇ 29ರಂದು, ಪೊಲೊಚಿಕ್ ಕಣಿವೆಯ ಪಂಸೋಸ್ ಎಂಬ ಊರಿಗೆ ಕೆಕ್ಚಿ ರೈತರು ತಮ್ಮ ನೆಲದ ವಿಷಯದಲ್ಲಿ ಅಹವಾಲು ಹೇಳಿಕೊಳ್ಳಲು ಬಂದರು. ಮುಂದಾಳುಗಳಲ್ಲಿ ಒಬ್ಬಳು 'ಮಾಮಾ ಮಕೀನ್' ಎಂದು ಹೆಸರಾದ ಅಜ್ಜಿ. ಚೌಕದಲ್ಲಿದ್ದ ಸೈನಿಕರು ಗುಂಡು ಹಾರಿಸಿದರು. ಸತ್ತವರು 53 ಮಂದಿಯೆಂದು 1999ರಲ್ಲಿ ವರದಿಯೊಪ್ಪಿಸಿದ ಸತ್ಯಶೋಧನಾ ಆಯೋಗ ಎಣಿಸಿತು. ಆ ಅಜ್ಜಿಯೂ ಅವರಲ್ಲಿ ಒಬ್ಬಳು. ನಿಜಶಾಂತಿಯೆಂಬ ಹೆಸರಿನ ನಾಡಿನಲ್ಲಿ ಇದಾಯಿತು. ಅಂತರ್ಯುದ್ಧ 1996ರ ಡಿಸೆಂಬರಿನ ಒಪ್ಪಂದದೊಡನೆ ನಿಂತಿತು. ನೆಲದ ವ್ಯಾಜ್ಯಗಳು ನಿಂತಿಲ್ಲ.

ಕಡೆಯದಾಗಿ ನಮಗೆ ಹತ್ತಿರದ ಒಂದು ಸಂಗತಿ. 1914ರ ಸುಮಾರಿಗೆ ಕೊಬಾನಿನ ಜರ್ಮನ್ ತೋಟಗಾರನೊಬ್ಬ ಭಾರತದಿಂದ ಏಲಕ್ಕಿಯನ್ನು ತರಿಸಿ ನೆಟ್ಟನು. ನಮ್ಮ ಸಹ್ಯಾದ್ರಿಯ ನೆರಳಿನಲ್ಲಿ ಹುಟ್ಟಿದ ಗಿಡ ಆ ಚಿಪಿಚಿಪಿ ಮಳೆಗೆ ಒಗ್ಗಿಹೋಯಿತು. ಇಂದು ಏಲಕ್ಕಿಯ ರಫ್ತಿನಲ್ಲಿ ಗ್ವಾಟೆಮಾಲಾ ಲೋಕಕ್ಕೇ ಮೊದಲು. ಕೊಡಗು, ಸಕಲೇಶಪುರಗಳ ಬೆಳೆಗಾರರು ಅಲ್ಲಿನ ಫಸಲಿನ ಸುದ್ದಿಗೆ ಕಿವಿಗೊಡಬೇಕಾಗಿದೆ. ಅದರಲ್ಲಿ ಬಹುಭಾಗ ಅಲ್ಟಾ ವೆರಪಾಸಿನ ಸಣ್ಣ ಹಿಡುವಳಿಗಳದು. ಕೆಕ್ಚಿ ರೈತ ಹಸಿಕಾಯನ್ನು ಮೂಟೆಕಟ್ಟಿ ಬೆನ್ನಮೇಲೆ ಹೊತ್ತು ಬೆಟ್ಟವಿಳಿದು, ಒಣಗಿಸುವ ಗೂಡು ಇರುವವನಿಗೆ ಮಾರುತ್ತಾನೆ. ಅಲ್ಲಿಂದ ಅದು ಅರಬ್ಬೀ ದೇಶಗಳಿಗೆ ಹೋಗಿ ಅವರ ಕಾಫಿಯಲ್ಲಿ ಬೀಳುತ್ತದೆ. ಬೆಳೆದವನ ಮನೆಯಲ್ಲಿ ಹಬ್ಬದಂದು ಕೆಂಪು ಮೆಣಸಿನಕಾಯಿ ಹಾಕಿ ಟರ್ಕಿಕೋಳಿಯ 'ಕಾಕೀಕ್' ಸಾರು ಕುದಿಯುತ್ತದೆ. ಏಲಕ್ಕಿ ಆ ಅಡುಗೆಮನೆಯನ್ನು ಹೊಗುವುದು ಅಪೂರ್ವ.